ಸುಬೇದಾರ್ ಮೇಜರ್ ಒಬ್ಬರ ಸೇವೆಯನ್ನು ಸನ್ಮಾನ ಪತ್ರದಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ: ಶಹಾಪುರ ತಾಲ್ಲೂಕಿನ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ನಮ್ಮ ಊರಿನಿಂದ ಹೋಗಿ ಮದ್ರಾಸ್ ರೆಜಿಮೆಂಟಿನಲ್ಲಿ ಸಿಪಾಯಿಯಾಗಿ ಸೇರಿ, ಸುಬೇದಾರ್ ಮೇಜರ್ ಹುದ್ದೆಗೆ ಏರಿ, ಕೊನೆಗೆ ಗೌರವ ಕ್ಯಾಪ್ಟನ್ ಪದವಿಯೊಂದಿಗೆ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಊರವರೆಲ್ಲ ಅವರನ್ನು ಮಿಲಿಟ್ರಿ ಕಾಕಾ ಎಂದೇ ಕರೆಯುತ್ತೇವೆ. ಗ್ರಾಮ ಪಂಚಾಯಿತಿಯೂ ನಮ್ಮ ಪ್ರೌಢಶಾಲೆಯೂ ಸೇರಿ ಅವರಿಗೆ ಸನ್ಮಾನ ಮಾಡಲು ನಿರ್ಧರಿಸಿದ್ದು, ಸನ್ಮಾನ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಸಮಿತಿಯವರು ಮೊದಲು ಸಿದ್ಧಪಡಿಸಿದ ಕರಡಿನಲ್ಲಿ "ಗಡಿಯಲ್ಲಿ ಶತ್ರುಗಳ ಎದೆ ನಡುಗಿಸಿದ ವೀರಯೋಧ" ಎಂಬಂತಹ ಮಾತುಗಳೇ ತುಂಬಿದ್ದವು. ಕಾಕಾ ಅದನ್ನು ಓದಿ, ತಾವು ಗುಂಡು ಹಾರಿಸಿದ್ದಕ್ಕಿಂತ ಹೆಚ್ಚು ವರ್ಷಗಳನ್ನು ಹುಡುಗರ ರಜೆ, ಊಟ, ಜಗಳ ಮತ್ತು ಮನೆಯ ತಾಪತ್ರಯಗಳನ್ನು ನೋಡುವುದರಲ್ಲಿ ಕಳೆದಿದ್ದಾಗಿ ಹೇಳಿ, ಈ ಪತ್ರ ಬೇರೆ ಯಾರದೋ ಇರಬೇಕೆಂದು ನಕ್ಕರು. ಫ್ಲೆಕ್ಸ್ ಮಾಡಿಸಲು ಹೋದವರು ಅವರ ಹಳೆಯ ಭಾವಚಿತ್ರದಲ್ಲಿ ಭುಜದ ಮೇಲಿನ ಸಿಂಹ ಲಾಂಛನವನ್ನು ಕಂಡು "ಮೇಜರ್ ಸಾಹೇಬರು" ಎಂದು ಅಚ್ಚು ಹಾಕಿಸಲು ಹೊರಟಿದ್ದರು. ಅದನ್ನೂ ಅವರೇ ತಡೆದರು. ಹೆಚ್ಚು ವಿವರಿಸಿ ಹೇಳುವ ಸ್ವಭಾವ ಅವರದಲ್ಲ.

ಆದ್ದರಿಂದ ಸೈನ್ಯದ ಒಳಗನ್ನು ಬಲ್ಲವರನ್ನು ಕೇಳುತ್ತಿದ್ದೇನೆ. ಸುಬೇದಾರ್ ಮೇಜರ್ ಎಂದರೆ ಅಧಿಕಾರಿಯೇ, ಜವಾನರಲ್ಲೇ ಹಿರಿಯರೇ? ಅಲ್ಲಿಗೆ ತಲುಪಲು ಇಷ್ಟು ವರ್ಷಗಳೇಕೆ ಬೇಕು, ತಲುಪುವವರು ಇಷ್ಟು ಕಡಿಮೆ ಏಕೆ? ಅವರ ದಿನನಿತ್ಯದ ಕೆಲಸವೇನು? ನಮ್ಮ ಹತ್ತನೆಯ ತರಗತಿಯ ಹುಡುಗರು ಕೇಳುವ ಪ್ರಶ್ನೆಯೂ ಒಂದಿದೆ: ಈಗಿನ ಅಗ್ನಿಪಥ ಯೋಜನೆಯಲ್ಲಿ ಸೇರಿದವರು ಕಾಕಾ ಅವರಂತೆ ಆಗಲು ಸಾಧ್ಯವೇ?

ಉತ್ತರ: ನಿವೃತ್ತ ಹವಾಲ್ದಾರ್, ಆಳಂದ

ಗುರುಗಳಿಗೆ ನಮಸ್ಕಾರ. ಫ್ಲೆಕ್ಸಿನ ಗೊಂದಲದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಭಾಗದ ಊರುಗಳಲ್ಲಿ ಅದು ಮತ್ತೆ ಮತ್ತೆ ಆಗುತ್ತದೆ. ಮೇಜರ್ ಮತ್ತು ಸುಬೇದಾರ್ ಮೇಜರ್ ಇಬ್ಬರ ಭುಜದ ಮೇಲೂ ಅಶೋಕ ಸಿಂಹದ ಲಾಂಛನ ಇರುತ್ತದೆ. ಸುಬೇದಾರ್ ಮೇಜರ್ ಅವರಿಗೆ ಲಾಂಛನದ ಜೊತೆಗೆ ಕೆಂಪು, ಹಳದಿ, ಕೆಂಪು ಬಣ್ಣದ ಕಿರುಪಟ್ಟಿ ಇರುತ್ತದೆ, ಮೇಜರ್ ಅವರಿಗೆ ಇರುವುದಿಲ್ಲ. ಹಳೆಯ ಕಪ್ಪು ಬಿಳುಪು ಚಿತ್ರವಾದರೆ ಆ ಪಟ್ಟಿ ಕಣ್ಣಿಗೇ ಬೀಳುವುದಿಲ್ಲ.

ಭೂಸೇನೆಯಲ್ಲಿ ಮೂರು ಸ್ತರಗಳಿವೆ. ಕೆಳಗೆ ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ಮೇಲೆ ಲೆಫ್ಟಿನೆಂಟ್‌ನಿಂದ ಆರಂಭವಾಗುವ ಅಧಿಕಾರಿಗಳು. ಇವೆರಡರ ನಡುವೆ ನಾಯಬ್ ಸುಬೇದಾರ್, ಸುಬೇದಾರ್ ಮತ್ತು ಸುಬೇದಾರ್ ಮೇಜರ್ ಎಂಬ ಮೂರು ಹುದ್ದೆಗಳಿದ್ದು, ಇವರನ್ನು ಜೂನಿಯರ್ ಕಮಿಷನ್ಡ್ ಆಫೀಸರ್, ಅಂದರೆ ಜೆಸಿಒ ಎಂದು ಕರೆಯುತ್ತಾರೆ. ಇವರು ಗೆಜೆಟೆಡ್ ದರ್ಜೆಯವರು. ಆದರೂ ಅಕಾಡೆಮಿಯಿಂದ ಹೊರಬಂದ ಅಧಿಕಾರಿಗಳ ಸಾಲಿಗೆ ಸೇರಿದವರಲ್ಲ, ಬಹುಪಾಲು ಸಿಪಾಯಿಯಾಗಿಯೇ ಭರ್ತಿಯಾಗಿ ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಹೀಗಾಗಿ ನಿಮ್ಮ ಮೊದಲ ಪ್ರಶ್ನೆಗೆ "ಎರಡೂ ಹೌದು" ಎಂಬ ಉತ್ತರವೇ ಸತ್ಯಕ್ಕೆ ಹತ್ತಿರವಾದುದು.

ಏರುವ ದಾರಿ ಏಕೆ ಉದ್ದ ಎಂಬುದಕ್ಕೆ ಲೆಕ್ಕವೇ ಉತ್ತರ. ಒಂದು ಪದಾತಿ ಬಟಾಲಿಯನ್ನಿನಲ್ಲಿ ಸುಮಾರು 800 ಜನರಿರುತ್ತಾರೆ, ಸುಬೇದಾರ್ ಮೇಜರ್ ಇರುವುದು ಒಬ್ಬರೇ. ಅವರು ಆ ಹುದ್ದೆಯಲ್ಲಿ ಹೆಚ್ಚೆಂದರೆ ನಾಲ್ಕು ವರ್ಷ ಇರಬಹುದು. ಒಟ್ಟು ಸೇವೆ 34 ವರ್ಷ ತುಂಬಿದರೆ ಅಥವಾ ವಯಸ್ಸು 54 ಆದರೆ ಅದಕ್ಕೂ ಮೊದಲೇ ನಿವೃತ್ತರಾಗಬೇಕು. ಕೆಳಗಿನ ಹುದ್ದೆಗಳಿಗೂ ಹೀಗೆಯೇ ಸೇವೆಯ ಮಿತಿ ಇದೆ. ಅಂದರೆ ಮುಂದಿನ ಬಡ್ತಿ ಕಾಲಕ್ಕೆ ಸರಿಯಾಗಿ ಬಾರದಿದ್ದರೆ ಮನುಷ್ಯ ಎಷ್ಟೇ ಸಮರ್ಥನಾಗಿದ್ದರೂ ಪೆನ್ಶನ್ ಪಡೆದು ಊರಿಗೆ ಹಿಂತಿರುಗಬೇಕು. ನಾನು ಹಾಗೆಯೇ ಹಿಂತಿರುಗಿದವನು. ಅದರ ಬಗ್ಗೆ ನನಗೆ ಕೊರಗಿಲ್ಲ, ನನ್ನ ಜೊತೆಗೆ ಭರ್ತಿಯಾದವರಲ್ಲಿ ಬಹುತೇಕರ ಕಥೆ ಅದೇ.

ಹಿರಿತನವೊಂದೇ ಸಾಲದು. ಪ್ರತಿ ಹಂತದಲ್ಲೂ ಕೇಡರ್ ಎಂಬ ಬಡ್ತಿ ತರಬೇತಿಯನ್ನು ಮುಗಿಸಬೇಕು, ನಕ್ಷೆ ಓದುವ ಪರೀಕ್ಷೆ ಮತ್ತು ಸೈನ್ಯದ ಶಿಕ್ಷಣ ಪ್ರಮಾಣ ಪತ್ರಗಳಲ್ಲಿ ಪಾಸಾಗಬೇಕು, ಗೌಪ್ಯ ವರದಿಗಳು ಚೆನ್ನಾಗಿರಬೇಕು, ವೈದ್ಯಕೀಯ ದರ್ಜೆ ಕೆಡಬಾರದು, ಶಿಸ್ತಿನ ದಾಖಲೆಯಲ್ಲಿ ಕೆಂಪು ಗೆರೆ ಬಿದ್ದಿರಬಾರದು. ಇಷ್ಟೆಲ್ಲ ಇದ್ದರೂ ಸ್ಥಾನ ಖಾಲಿಯಾಗಬೇಕು. ಎತ್ತರದ ಪ್ರದೇಶದಲ್ಲಿ ಕೆಲಸ ಮಾಡಿ ಮೊಣಕಾಲು ಅಥವಾ ರಕ್ತದೊತ್ತಡ ಕೆಡಿಸಿಕೊಂಡು ಬಡ್ತಿಯ ಸಾಲಿನಿಂದ ಹೊರಬಿದ್ದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಇಷ್ಟು ದೀರ್ಘ ಸೇವೆಯಲ್ಲಿ ಇವೆಲ್ಲವನ್ನೂ ಒಟ್ಟಿಗೆ ಕಾಪಾಡಿಕೊಂಡು ಬಂದರೆಂಬುದೇ ನಿಮ್ಮ ಕಾಕಾ ಅವರ ಬಗ್ಗೆ ಬರೆಯಬೇಕಾದ ಮೊದಲ ಮಾತು.

ಗೌರವ ಲೆಫ್ಟಿನೆಂಟ್ ಮತ್ತು ಗೌರವ ಕ್ಯಾಪ್ಟನ್ ಪದವಿಗಳನ್ನು ಆಯ್ದ ಜೆಸಿಒಗಳಿಗೆ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದಂದು ಪ್ರಕಟಿಸುತ್ತಾರೆ. ಪತ್ರದಲ್ಲಿ "ಸುಬೇದಾರ್ ಮೇಜರ್ ಮತ್ತು ಗೌರವ ಕ್ಯಾಪ್ಟನ್ (ನಿವೃತ್ತ)" ಎಂದು ಎರಡನ್ನೂ ಬರೆಯಿರಿ. ಕ್ಯಾಪ್ಟನ್ ಎಂದಷ್ಟೇ ಬರೆದರೆ ಓದುವವರು ಐದಾರು ವರ್ಷ ಸೇವೆಯ ಯುವ ಅಧಿಕಾರಿಯನ್ನು ಕಲ್ಪಿಸಿಕೊಳ್ಳುತ್ತಾರೆ.

ಉತ್ತರ: ನಿವೃತ್ತ ಸುಬೇದಾರ್, ಕಲಬುರಗಿ

ಆಳಂದದ ಹವಾಲ್ದಾರ್ ಸಾಹೇಬರು ಮೆಟ್ಟಿಲುಗಳನ್ನು ಸರಿಯಾಗಿ ತೋರಿಸಿದ್ದಾರೆ. ಕೊನೆಯ ಮೆಟ್ಟಿಲಿನ ಮೇಲೆ ನಿಂತವರು ಏನು ಮಾಡುತ್ತಾರೆ ಎಂಬುದನ್ನು, ಮೂವರು ಸುಬೇದಾರ್ ಮೇಜರ್‌ಗಳ ಕೈಕೆಳಗೆ ಕೆಲಸ ಮಾಡಿದ ಅನುಭವದಿಂದ ಬರೆಯುತ್ತೇನೆ.

ಬಟಾಲಿಯನ್ನಿನ ಮುಖ್ಯಸ್ಥರು ಕಮಾಂಡಿಂಗ್ ಆಫೀಸರ್ (ಸಿಒ), ಕರ್ನಲ್ ದರ್ಜೆಯವರು. ಅವರು ಎರಡೂವರೆ ಮೂರು ವರ್ಷಗಳಲ್ಲಿ ಬದಲಾಗುತ್ತಾರೆ. ಸುಬೇದಾರ್ ಮೇಜರ್ ಸಾಮಾನ್ಯವಾಗಿ ಅದೇ ಪಲ್ಟನ್ನಿನಲ್ಲಿ, ಅಂದರೆ ಬಟಾಲಿಯನ್ನಿನಲ್ಲಿ, ಹುಡುಗನಾಗಿ ಬಂದು ಅಲ್ಲೇ ತಲೆ ನರೆತವರು. ಯಾವ ಕಂಪನಿಯಲ್ಲಿ ಯಾರ ತಂದೆ ತೀರಿಕೊಂಡಿದ್ದಾರೆ, ಯಾರ ಹೊಲದ ವ್ಯಾಜ್ಯ ತಹಶೀಲ್ದಾರರ ಮುಂದೆ ನಿಂತಿದೆ, ಯಾವ ಹುಡುಗ ಎರಡು ವಾರಗಳಿಂದ ಯಾರೊಡನೆಯೂ ಮಾತನಾಡುತ್ತಿಲ್ಲ ಎಂಬ ಸಂಗತಿಗಳು ಕಂಪನಿಗಳ ಹಿರಿಯ ಜೆಸಿಒಗಳ ಮೂಲಕ ಪ್ರತಿದಿನ ಅವರ ಕಿವಿಗೆ ಬೀಳುತ್ತವೆ. ಅದರಲ್ಲಿ ಯಾವುದನ್ನು ತಾವೇ ಪರಿಹರಿಸಬೇಕು, ಯಾವುದನ್ನು ಸಿಒ ಸಾಹೇಬರ ಮುಂದಿಡಬೇಕು, ಯಾವುದನ್ನು ಯಾರಿಗೂ ಹೇಳದೆ ತಮ್ಮಲ್ಲೇ ಇಟ್ಟುಕೊಳ್ಳಬೇಕು ಎಂಬ ತೀರ್ಮಾನವೇ ಆ ಹುದ್ದೆಯ ತಿರುಳು. ನಮ್ಮ ಕಡೆಯ ಹಳೆಯ ಕೂಡು ಕುಟುಂಬದ ಹಿರಿಯಣ್ಣನ ಸ್ಥಾನ ಅದು: ಯಜಮಾನಿಕೆ ಬೇರೆಯವರದು, ಮನೆ ನಡೆಯುವುದು ಇವರಿಂದ.

ಲಂಗರಿನ (ಜವಾನರ ಅಡುಗೆಮನೆಯ) ಊಟದ ಗುಣಮಟ್ಟ, ಪಲ್ಟನ್ನಿನ ಕಾವಲು ಪಡೆಯಾದ ಕ್ವಾರ್ಟರ್ ಗಾರ್ಡ್‌ನ ಶಿಸ್ತು, ಮಂದಿರ ಪರೇಡ್, ಎಲ್ಲರೂ ಒಟ್ಟಿಗೆ ಉಣ್ಣುವ ಬಡಾ ಖಾನಾ, ರೆಜಿಮೆಂಟಿನ ಸ್ಥಾಪನಾ ದಿನ, ಅಧಿಕಾರಿಗಳ ಬೀಳ್ಕೊಡುಗೆ, ಇವೆಲ್ಲದರಲ್ಲೂ ಅವರ ಕೈ ಇರುತ್ತದೆ. ಸೈನಿಕ ಸಮ್ಮೇಳನದಲ್ಲಿ ಜವಾನರು ಎದ್ದು ನಿಂತು ಕೇಳಬಹುದಾದ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಹಿಂದಿನ ಸಂಜೆಯೇ ಅವರು ಉತ್ತರ ಸಿದ್ಧಪಡಿಸಿರುತ್ತಾರೆ. ಯಾರಾದರೂ ಮೃತಪಟ್ಟರೆ ಪಾರ್ಥಿವ ಶರೀರದೊಂದಿಗೆ ಊರಿಗೆ ಯಾರನ್ನು ಕಳುಹಿಸಬೇಕು, ಆ ಮನೆಯ ಭಾಷೆ ಬಲ್ಲವರು ಯಾರಿದ್ದಾರೆ ಎಂದು ಯೋಚಿಸುವವರೂ ಅವರೇ. ಮದ್ರಾಸ್ ರೆಜಿಮೆಂಟಿನಲ್ಲಿ ತಮಿಳರು, ಮಲಯಾಳಿಗಳು, ತೆಲುಗರು, ಕನ್ನಡಿಗರು ಒಂದೇ ಬ್ಯಾರಕ್ಕಿನಲ್ಲಿ ಇರುವುದರಿಂದ ಈ ಭಾಷೆಯ ವಿಷಯ ಸಣ್ಣದಲ್ಲ. ಯಾದಗಿರಿಯ ಕನ್ನಡ, ತೆಲುಗು, ಉರ್ದು ಮೂರನ್ನೂ ಬಾಲ್ಯದಲ್ಲೇ ಕಿವಿಯಲ್ಲಿ ತುಂಬಿಕೊಂಡು ಬಂದ ನಿಮ್ಮ ಕಾಕಾ ಅವರಿಗೆ ಅಲ್ಲಿ ಅದು ದೊಡ್ಡ ಬಂಡವಾಳವಾಗಿದ್ದಿರಬೇಕು. ಅವರನ್ನು ಈ ಬಗ್ಗೆ ಖಂಡಿತ ಕೇಳಿ.

ಯುವ ಅಧಿಕಾರಿಯೊಂದಿಗಿನ ಸಂಬಂಧವನ್ನೂ ಹೊರಗಿನವರು ಅರ್ಥ ಮಾಡಿಕೊಳ್ಳುವುದು ಕಷ್ಟ. ಡೆಹ್ರಾಡೂನ್‌ನ ಸೇನಾ ಅಕಾಡೆಮಿಯಿಂದ ಆಗತಾನೆ ಬಂದ 22 ವರ್ಷದ ಲೆಫ್ಟಿನೆಂಟ್‌ಗೆ, ಅವನ ವಯಸ್ಸಿಗಿಂತ ಹೆಚ್ಚು ಸೇವೆ ಮಾಡಿದ ಸುಬೇದಾರ್ ಸೆಲ್ಯೂಟ್ ಮಾಡುತ್ತಾರೆ. ಆ ಲೆಫ್ಟಿನೆಂಟ್ ಅವರನ್ನು ಎಂದೂ ಹೆಸರು ಹಿಡಿದು ಕರೆಯುವುದಿಲ್ಲ, "ಸಾಬ್" ಎಂದೇ ಕರೆಯುತ್ತಾನೆ. ಆದೇಶ ಕೊಡುವ ಹಕ್ಕು ಅವನದು. ಆದರೆ ಆ ಆದೇಶ ಹುಡುಗರ ಬಾಯಲ್ಲಿ ಗೊಣಗಾಟವಾಗದಂತೆ ನೋಡಿಕೊಳ್ಳುವುದು, ಆದೇಶವೇ ತಪ್ಪಾಗಿದ್ದರೆ ನಾಲ್ಕು ಜನರೆದುರು ಅಲ್ಲದೆ ಟೆಂಟಿನೊಳಗೆ ಮೆಲ್ಲಗೆ ತಿಳಿಸುವುದು ಸಾಬ್ ಅವರ ಕೆಲಸ. ಒಳ್ಳೆಯ ಜನರಲ್‌ಗಳಾದ ಅನೇಕರು ತಮ್ಮ ಮೊದಲ ಪಾಠ ಕಲಿತದ್ದು ಇಂತಹ ಟೆಂಟುಗಳಲ್ಲಿ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಜೆಸಿಒಗಳು ಕೇವಲ ಮನೆವಾರ್ತೆ ನೋಡುವವರು ಎಂದು ಭಾವಿಸಬಾರದು. ಪದಾತಿ ದಳದಲ್ಲಿ ಸುಮಾರು ಮೂವತ್ತು ಜನರ ಪ್ಲಟೂನನ್ನು ಯುದ್ಧಕ್ಕೆ ನಡೆಸುವವರು ಬಹುತೇಕ ನಾಯಬ್ ಸುಬೇದಾರ್ ಅಥವಾ ಸುಬೇದಾರ್ ಅವರೇ. 1962ರ ಅಕ್ಟೋಬರ್‌ನಲ್ಲಿ ತವಾಂಗ್ ಬಳಿಯ ಬುಮ್ ಲಾ ಪ್ರದೇಶದಲ್ಲಿ ಚೀನೀ ಪಡೆಗಳನ್ನು ತಡೆದು ನಿಂತು ಮರಣೋತ್ತರವಾಗಿ ಪರಮವೀರ ಚಕ್ರ ಪಡೆದ ಜೋಗಿಂದರ್ ಸಿಂಗ್ ಸುಬೇದಾರ್ ಆಗಿದ್ದರು. 1987ರಲ್ಲಿ ಸಿಯಾಚಿನ್‌ನ ಹಿಮಗೋಡೆ ಹತ್ತಿ ಪಾಕಿಸ್ತಾನದ ಠಾಣೆಯನ್ನು ವಶಪಡಿಸಿಕೊಂಡ ಬಾನಾ ಸಿಂಗ್ ನಾಯಬ್ ಸುಬೇದಾರ್ ಆಗಿದ್ದು, ಮುಂದೆ ಗೌರವ ಕ್ಯಾಪ್ಟನ್ ಆಗಿ ನಿವೃತ್ತರಾದರು. ಆ ಠಾಣೆಗೆ ಈಗ ಅವರದೇ ಹೆಸರಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿದು ಹತ್ತು ಯೋಧರು ಅದರಡಿ ಸಿಲುಕಿದಾಗ ನಮ್ಮ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರ ಹೆಸರು ದೇಶಕ್ಕೆಲ್ಲ ತಿಳಿಯಿತು. 19 ಮದ್ರಾಸ್ ಬಟಾಲಿಯನ್ನಿನ ಆ ಹತ್ತು ಜನರಲ್ಲಿದ್ದ ಏಕೈಕ ಜೆಸಿಒ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್ ಎಂಬುದು ನಮ್ಮ ಕನ್ನಡಿಗರಲ್ಲೇ ಎಷ್ಟು ಜನರಿಗೆ ನೆನಪಿದೆ? ಅಷ್ಟು ಎತ್ತರದ ಠಾಣೆಯಲ್ಲಿ ರಾತ್ರಿ ಪಾಳಿ ಹಂಚುವುದರಿಂದ ಹಿಡಿದು ಹುಡುಗರ ಕಾಲ್ಬೆರಳು ಹಿಮಕ್ಕೆ ಕಪ್ಪಾಗದಂತೆ ಕಾಲುಚೀಲ ಬಿಚ್ಚಿಸಿ ನೋಡುವವರೆಗೆ ಎಲ್ಲವೂ ಇಂತಹ ಜೆಸಿಒಗಳ ಹೊಣೆ.

ಉತ್ತರ: ಬೀದರ್‌ನ ಇತಿಹಾಸ ಉಪನ್ಯಾಸಕ

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಹಿನ್ನೆಲೆಯನ್ನಷ್ಟೇ ಸೇರಿಸುತ್ತೇನೆ. ಈ ನಡುವಿನ ಸ್ತರ ಬ್ರಿಟಿಷರ ಕಾಲದ್ದು. ಭಾಷೆ, ಜಾತಿ, ಊರಿನ ರೀತಿನೀತಿ ತಿಳಿಯದ ಬ್ರಿಟಿಷ್ ಅಧಿಕಾರಿಗೂ ಭಾರತೀಯ ಸಿಪಾಯಿಗೂ ನಡುವೆ ಕೊಂಡಿಯೊಂದು ಬೇಕಾಗಿತ್ತು. ಮೊದಲ ಮಹಾಯುದ್ಧದ ಕೊನೆಯವರೆಗೆ ಸಾಮಾನ್ಯ ಭಾರತೀಯ ಸೈನಿಕನೊಬ್ಬ ಏರಬಹುದಾದ ಅತಿ ಎತ್ತರದ ಹುದ್ದೆ ಸುಬೇದಾರ್ ಮೇಜರ್, ಅಶ್ವದಳವಾದರೆ ರಿಸಾಲ್ದಾರ್ ಮೇಜರ್. ನಿನ್ನೆ ಹಡಗಿನಿಂದ ಇಳಿದ ಬ್ರಿಟಿಷ್ ಹುಡುಗನೂ ಅವರಿಗಿಂತ ಮೇಲಿನವನೇ. 1932ರಲ್ಲಿ ಡೆಹ್ರಾಡೂನ್‌ನ ಅಕಾಡೆಮಿ ಆರಂಭವಾದ ಮೇಲೆ ಭಾರತೀಯ ಅಧಿಕಾರಿಗಳ ಸಂಖ್ಯೆ ಬೆಳೆಯಿತು. ಸ್ವಾತಂತ್ರ್ಯಾನಂತರ ಇವರಿಗೆ ವೈಸ್‌ರಾಯ್ ಹೆಸರಿನಲ್ಲಿ ಕೊಡುತ್ತಿದ್ದ ಕಮಿಷನ್ (ಅಧಿಕಾರ ಪತ್ರ) ಹೋಗಿ ಜೆಸಿಒ ಎಂಬ ಹೆಸರು ಬಂತು. ಜಮಾದಾರ್ ಎಂಬ ಹಳೆಯ ಹುದ್ದೆಯನ್ನು 1965ರಲ್ಲಿ ನಾಯಬ್ ಸುಬೇದಾರ್ ಎಂದು ಬದಲಿಸಲಾಯಿತು. ಭಾಷೆಯ ಅಂತರ ಬಹುಮಟ್ಟಿಗೆ ಹೋದರೂ ಸ್ತರ ಮಾತ್ರ ಉಳಿಯಿತು, ಅದರ ಉಪಯೋಗ ಅಷ್ಟು ಆಳವಾಗಿತ್ತು. ಅಮೆರಿಕದ ಭೂಸೇನೆ ಇಡೀ ಸೇನೆಗೆ ಒಬ್ಬರೇ ಹಿರಿಯ ಸಾರ್ಜೆಂಟ್ ಮೇಜರ್ ಹುದ್ದೆಯನ್ನು 1966ರಲ್ಲಿ ಸೃಷ್ಟಿಸಿತು. ನಮ್ಮಲ್ಲಿ ಪ್ರತಿ ಪಲ್ಟನ್ನಿಗೂ ಒಬ್ಬರಿದ್ದಾರೆ.

ನಮ್ಮ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಡಗು ಅಥವಾ ಬೆಳಗಾವಿಯ ಕಡೆಯಂತೆ ತಾತ, ಅಪ್ಪ, ಮಗ ಒಂದೇ ರೆಜಿಮೆಂಟಿಗೆ ಹೋಗುವ ಪರಂಪರೆ ಇಲ್ಲಿ ಅಷ್ಟಾಗಿ ಬೇರೂರಲಿಲ್ಲ. ನಿಮ್ಮ ಊರಿನಲ್ಲಿ ಕಾಕಾ ಅವರ ಹುದ್ದೆಯ ಅರ್ಥ ಯಾರಿಗೂ ತಿಳಿಯದೆ ಇರುವುದಕ್ಕೆ ಇದೂ ಒಂದು ಕಾರಣ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇರುವುದರಿಂದ ನಮ್ಮಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಇಲ್ಲಿನ ಜನ ಮಾಸ್ಟರ್ ವಾರಂಟ್ ಆಫೀಸರ್ ಎಂಬ ಹುದ್ದೆಯ ಹೆಸರನ್ನಾದರೂ ಕೇಳಿದ್ದಾರೆ. ಅದು ವಾಯುಪಡೆಯಲ್ಲಿ ಸುಬೇದಾರ್ ಮೇಜರ್‌ಗೆ ಸಮಾನವಾದ ಹುದ್ದೆ. ಆದರೂ ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡವಾದ ಸೂರ್ಯಕಿರಣ್ ಊರ ಮೇಲೆ ಹಾರಿದಾಗ ತಲೆಯೆತ್ತಿ ನೋಡುವವರು ಪೈಲಟ್‌ಗಳ ಬಗ್ಗೆ ಮಾತನಾಡುತ್ತಾರೆಯೇ ಹೊರತು, ಆ ವಿಮಾನ ಹಾರಲು ಯೋಗ್ಯವಾಗಿದೆ ಎಂದು ಬೆಳಗ್ಗೆ ಸಹಿ ಹಾಕಿದವರ ಬಗ್ಗೆ ಅಲ್ಲ.

ಉತ್ತರ: ಯಾದಗಿರಿಯ ಓದುಗರು, ಸುಬೇದಾರ್ ಒಬ್ಬರ ಪತ್ನಿ

ಸರ್, ಇಷ್ಟು ಹೊತ್ತು ಬರೆದವರೆಲ್ಲ ಗಂಡಸರು, ಆದ್ದರಿಂದ ಇರಬಹುದು, ಕಾಕಾ ಅವರ ಪತ್ನಿ ಕಾಕಿಯವರ ಹೆಸರು ಎಲ್ಲಿಯೂ ಬಂದಿಲ್ಲ. ಸೈನಿಕರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಮತ್ತು 30 ದಿನ ಸಾಂದರ್ಭಿಕ ರಜೆ ಇರುತ್ತದೆ. ಗಡಿ ಪ್ರದೇಶದ ಪೋಸ್ಟಿಂಗ್ ಇದ್ದಾಗ ಕುಟುಂಬವನ್ನು ಕರೆದೊಯ್ಯುವಂತಿಲ್ಲ, ಶಾಂತಿ ಪ್ರದೇಶಕ್ಕೆ ಪಲ್ಟನ್ ಬಂದಾಗಲೂ ಕ್ವಾರ್ಟರ್ಸ್‌ಗೆ ಸರದಿ ಕಾಯಬೇಕು. ಉಳಿದ ಕಾಲವೆಲ್ಲ ಹೊಲದ ತೊಗರಿ ಬಿತ್ತನೆ, ರಾಶಿ, ಆಳಿನ ಕೂಲಿ, ಅತ್ತೆ ಮಾವನವರ ಔಷಧಿ, ಮಕ್ಕಳ ಶಾಲೆ ಇವೆಲ್ಲವನ್ನೂ ನಡೆಸುವವರು ಊರಲ್ಲಿರುವ ಹೆಂಗಸರು. ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿಯಲ್ಲಿ ನಿಲ್ಲುವ ಆ ಎರಡು ನಿಮಿಷದಲ್ಲಿ ಕಬ್ಬಿಣದ ಪೆಟ್ಟಿಗೆಯನ್ನು ಬೋಗಿಯೊಳಗೆ ತಳ್ಳಿ ಹಿಂತಿರುಗಿದವರಿಗೆ ಈ ಸೇವೆಯ ಅರ್ಧ ಭಾಗ ಗೊತ್ತಿದೆ.

ಇನ್ನೊಂದು ಸಂಗತಿ. ಸುಬೇದಾರ್ ಮೇಜರ್ ಅವರ ಮನೆಯವರು ಪಲ್ಟನ್ನಿನ ಕುಟುಂಬಗಳ ನಡುವೆ ತಾವೂ ಒಂದು ಹುದ್ದೆಯನ್ನು ಸಂಬಳವಿಲ್ಲದೆ ನಿರ್ವಹಿಸುತ್ತಾರೆ. ಹೊಸದಾಗಿ ಮದುವೆಯಾಗಿ, ಹಿಂದಿಯ ಒಂದು ಪದವೂ ಬಾರದೆ ಬಂದ ಹುಡುಗಿಯನ್ನು ಮಿಲಿಟರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಗಂಡ ಸೇನಾ ಕಾರ್ಯಾಚರಣೆಯಲ್ಲಿ ಇರುವಾಗ ಹೆರಿಗೆಯಾದರೆ ಪಕ್ಕದಲ್ಲಿ ಕೂರುವುದು, ಕುಡಿದು ಬಂದು ಹೊಡೆಯುವವನ ವಿಷಯವನ್ನು ಸಾಬ್ ಅವರ ಕಿವಿಗೆ ಹಾಕುವುದು, ಇವೆಲ್ಲ ಅವರ ಪಾಲಿನ ಕೆಲಸಗಳು. ಸನ್ಮಾನ ಪತ್ರದಲ್ಲಿ "ಧರ್ಮಪತ್ನಿಯ ಸಹಕಾರದೊಂದಿಗೆ" ಎಂಬ ಒಂದು ಸವೆದ ಮಾತು ಹಾಕಿ ಮುಗಿಸಬೇಡಿ. ಅವರು ಮಾಡಿದ್ದನ್ನು ಅವರನ್ನೇ ಕೇಳಿ ಒಂದು ಪ್ಯಾರಾ ಬರೆಯಿರಿ, ವೇದಿಕೆಯ ಮೇಲೆ ಅವರಿಗೂ ಕುರ್ಚಿ ಹಾಕಿಸಿ.

ಉತ್ತರ: ನಿವೃತ್ತ ಹವಾಲ್ದಾರ್, ಆಳಂದ

ಅಕ್ಕಾವರು ಹೇಳಿದ್ದು ನೂರಕ್ಕೆ ನೂರು ನಿಜ. ಅಗ್ನಿಪಥದ ಪ್ರಶ್ನೆ ಉಳಿದುಹೋಗಿತ್ತು, ಹುಡುಗರಿಗಾಗಿ ಬರೆಯುತ್ತೇನೆ.

2022ರ ಜೂನ್ 14ರಂದು ಪ್ರಕಟವಾದ ಈ ಯೋಜನೆಯಲ್ಲಿ ಸೇರುವವರು ನಾಲ್ಕು ವರ್ಷ ಅಗ್ನಿವೀರರಾಗಿರುತ್ತಾರೆ. ಆ ತಂಡದಲ್ಲಿ ಶೇಕಡಾ 25ರವರೆಗೆ ಮಾತ್ರ ಕಾಯಂ ಸೇವೆಗೆ ಆಯ್ಕೆಯಾಗಿ ಕನಿಷ್ಠ 15 ವರ್ಷ ಮುಂದುವರಿಯುತ್ತಾರೆ ಎಂದು ಯೋಜನೆ ಹೇಳುತ್ತದೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಹೊರಬರುತ್ತಾರೆ, ಅವರಿಗೆ ಪೆನ್ಶನ್ ಇಲ್ಲ. ಕಾಯಂ ಆದವರ ಮುಂದೆ ನಾಯಕ್, ಹವಾಲ್ದಾರ್, ಜೆಸಿಒ ಮೆಟ್ಟಿಲುಗಳು ಇದ್ದೇ ಇರುತ್ತವೆ. ಆದ್ದರಿಂದ ಸಾಧ್ಯವೇ ಎಂದರೆ ಸಾಧ್ಯ, ಆದರೆ ಮೊದಲ ಬಾಗಿಲೇ ಕಿರಿದಾಗಿದೆ. ಭೂಸೇನೆಯ ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಜನವರಿಯಲ್ಲಿ. ಹಾಗಾಗಿ ಅವರಲ್ಲಿ ಒಬ್ಬರು ಸುಬೇದಾರ್ ಮೇಜರ್ ಆಗುವುದನ್ನು ನೋಡಲು ಇನ್ನೂ ಎರಡು ದಶಕಗಳಿಗಿಂತ ಹೆಚ್ಚು ಕಾಯಬೇಕು.

ಹುಡುಗರು ನೀರಜ್ ಚೋಪ್ರಾ ಅವರ ಹೆಸರು ಹೇಳಬಹುದು. ಅವರು 2016ರಲ್ಲಿ ಕ್ರೀಡಾ ಸಾಧನೆಯ ಆಧಾರದ ಮೇಲೆ ನೇರವಾಗಿ ನಾಯಬ್ ಸುಬೇದಾರ್ ಆಗಿ ಸೇರಿದವರು, ಆ ದಾರಿಯೇ ಬೇರೆ. ಸೈನ್ಯದ ಧರ್ಮಗುರುಗಳೂ ನೇರವಾಗಿ ಅದೇ ದರ್ಜೆಗೆ ಬರುತ್ತಾರೆ. ಸಿಪಾಯಿಯಾಗಿ ಸೇರಿ ಅಧಿಕಾರಿಯೇ ಆಗಬೇಕೆಂಬ ಆಸೆ ಇದ್ದರೆ ಆರ್ಮಿ ಕೆಡೆಟ್ ಕಾಲೇಜಿನ ದಾರಿ ಇದೆ. ಪಿಯುಸಿ ಪಾಸಾಗಿ ಎರಡು ವರ್ಷ ಸೇವೆ ಮಾಡಿರಬೇಕು, ವಯಸ್ಸು 20ರಿಂದ 27ರೊಳಗೆ ಇರಬೇಕು. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಭರ್ತಿಯನ್ನು ಬೆಳಗಾವಿಯ ಸೇನಾ ಭರ್ತಿ ಕಚೇರಿ ನೋಡಿಕೊಳ್ಳುತ್ತದೆ. ಈಗ ಮೈದಾನದ ಓಟಕ್ಕಿಂತ ಮೊದಲು ಕಂಪ್ಯೂಟರ್ ಪರೀಕ್ಷೆ ಇರುವುದರಿಂದ, ಬರೀ ತೊಡೆ ಗಟ್ಟಿಯಿದ್ದರೆ ಸಾಲದು, ಗಣಿತವೂ ಗಟ್ಟಿಯಿರಬೇಕೆಂದು ತರಗತಿಯಲ್ಲಿ ಹೇಳಿ.

ಕಾಕಾ ಅವರ ದಿನಾಂಕಗಳಿಗಾಗಿ ಯಾರ ನೆನಪನ್ನೂ ನಂಬಬೇಡಿ. ನಿವೃತ್ತಿಯ ವೇಳೆ ಸೇನೆ ಕೊಟ್ಟ ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಭರ್ತಿಯ ದಿನ, ಬಡ್ತಿ, ಪದಕಗಳು ಎಲ್ಲ ಇರುತ್ತವೆ.

ಪ್ರಶ್ನೆ ಕೇಳಿದ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ಡಿಸ್ಚಾರ್ಜ್ ಬುಕ್ ನೋಡಿ ದಿನಾಂಕಗಳನ್ನು ಬರೆದುಕೊಂಡಿದ್ದೇನೆ, ಕಾಕಿಯವರೊಂದಿಗೆ ಕುಳಿತು ಅವರ ಪ್ಯಾರಾವನ್ನೂ ಸಿದ್ಧಪಡಿಸಿದ್ದೇನೆ. ಸನ್ಮಾನ ಪತ್ರದ ಮುಖ್ಯ ಭಾಗ ಈಗ ಹೀಗಿದೆ:

"ಸಿಪಾಯಿಯಾಗಿ ತಮಿಳುನಾಡಿನ ವೆಲ್ಲಿಂಗ್ಟನ್‌ನ ತರಬೇತಿ ಕೇಂದ್ರಕ್ಕೆ ಹೋದ ತಾವು ಅದೇ ರೆಜಿಮೆಂಟಿನಲ್ಲಿ ಪ್ರತಿ ಹುದ್ದೆಯನ್ನೂ ನಿರ್ವಹಿಸಿ, ಬಟಾಲಿಯನ್ನಿಗೆ ಒಬ್ಬರೇ ಇರುವ ಸುಬೇದಾರ್ ಮೇಜರ್ ಸ್ಥಾನಕ್ಕೆ ಏರಿದಿರಿ. ನಾಲ್ಕು ಭಾಷೆಯ ಜವಾನರ ಊಟ, ರಜೆ, ಶಿಸ್ತು ಮತ್ತು ಸಂಕಟಗಳನ್ನು ತಮ್ಮ ಹೊಣೆಯಾಗಿ ನೋಡಿಕೊಂಡಿರಿ. ಯುವ ಅಧಿಕಾರಿಗಳಿಗೆ ದಾರಿ ತೋರಿದಿರಿ."

ಇದನ್ನು ಓದಿದ ಕಾಕಾ "ದಾರಿ ತೋರಿದಿರಿ" ಎಂಬ ಮಾತನ್ನು ಹೊಡೆದು ಹಾಕಿ "ಜೊತೆಗೆ ನಡೆದಿರಿ" ಎಂದು ತಿದ್ದಿಕೊಟ್ಟರು. ಸಿಯಾಚಿನ್‌ನಲ್ಲಿ ಅವರ ಪ್ಲಟೂನ್ ಇದ್ದ ಅವಧಿಯ ಬಗ್ಗೆ ಎರಡು ವಾಕ್ಯ ಸೇರಿಸಲು ಅನುಮತಿ ಕೇಳಿದ್ದೇನೆ, ಇನ್ನೂ ಒಪ್ಪಿಲ್ಲ. ಕಲಬುರಗಿಯ ಸುಬೇದಾರ್ ಸಾಹೇಬರು ಕಾರ್ಯಕ್ರಮಕ್ಕೆ ಬರುವುದಾದರೆ ದಯವಿಟ್ಟು ತಿಳಿಸಿ, ಹುಡುಗರ ಪ್ರಶ್ನೆಗಳಿಗೆ ಕಾಕಾ ಒಬ್ಬರೇ ಉತ್ತರಿಸಲು ಹಿಂಜರಿಯುತ್ತಿದ್ದಾರೆ.